ವಿಂಡೋಸ್ 10 ಬಿಟ್ಟು ಲಿನಕ್ಸ್ ಮಿಂಟ್‌ಗೆ: ಡಿಟಿಪಿ, ಜೆರಾಕ್ಸ್ ಅಂಗಡಿಗಳಿಗೆ ಸಮಗ್ರ ಮಾರ್ಗದರ್ಶಿ

ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಬರುವುದು 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಮಂಡ್ಯದ ಕೋರ್ಟು, ತಾಲ್ಲೂಕು ಕಚೇರಿ ಸುತ್ತಲಿನ ಟೈಪಿಂಗ್ ಅಂಗಡಿಗಳಲ್ಲಾಗಲಿ, ಮೈಸೂರಿನ ಮಾನಸಗಂಗೋತ್ರಿ ಆಸುಪಾಸಿನ ಥೀಸಿಸ್ ಟೈಪಿಂಗ್ ಸೆಂಟರ್‌ಗಳಲ್ಲಾಗಲಿ 3ನೇ, 4ನೇ ತಲೆಮಾರಿನ ಐ3 ಯಂತ್ರಗಳು ಇನ್ನೂ ಓಡುತ್ತಲೇ ಇವೆ. ಅವುಗಳಿಗೆ ಏನೂ ಆಗಿಲ್ಲ. ಗುಜರಿಗೆ ಹಾಕುವ ಮುಂಚೆ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಬಹುದು.

ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ. ತಲೆನೋವು ಬರುವುದು ಎರಡೇ ಕಡೆ, ಪ್ರಿಂಟರ್ ಮತ್ತು ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯಲ್ಲಿ ಮಾಡಿದ ಹಳೇ ಫೈಲು. ಹಾಗಾಗಿ ಇಲ್ಲಿ ಮೊದಲು ಅವೆರಡರ ಪರೀಕ್ಷೆ, ಆಮೇಲೆ ಇನ್‌ಸ್ಟಾಲ್. ಹಳೇ ಹಾರ್ಡ್‌ಡಿಸ್ಕನ್ನು ಅಳಿಸುವ ಮಾತೇ ಇಲ್ಲ. ಅದನ್ನು ಬಿಚ್ಚಿ ಬೀರುವಿನಲ್ಲಿಟ್ಟು, ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕುತ್ತೇವೆ. ಏನಾದರೂ ಎಡವಟ್ಟಾದರೆ ಕೇಬಲ್ ಬದಲಿಸಿದರಾಯಿತು, ಹಳೇ ವಿಂಡೋಸ್ ಇದ್ದ ಹಾಗೇ ಏಳುತ್ತದೆ.

ಯಾವಾಗ ಮಾಡುವುದು? ಲಗ್ನಪತ್ರಿಕೆ ಕೆಲಸ ಹಿಡಿದಿರುವವರು ಮದುವೆ ಸೀಸನ್ನಿನಲ್ಲಿ ಕೈ ಹಾಕಲೇಬೇಡಿ. ಆಷಾಢ ಪ್ರಶಸ್ತ.

ಯಾವ ಯಂತ್ರ ಮುಟ್ಟಬಾರದು

ಟ್ಯಾಲಿ ಪ್ರೈಮ್ ವಿಂಡೋಸ್‌ಗೆಂದೇ ಮಾಡಿದ್ದು, ಅದು ಓಡುವ ಯಂತ್ರವನ್ನು ಬಿಟ್ಟುಬಿಡಿ. ಆಧಾರ್ ಬೆರಳಚ್ಚು ಸಾಧನವಿರುವ ಯಂತ್ರವೂ ಅಷ್ಟೇ. ಅದಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಸಾಮಾನ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಸಿಗುತ್ತದೆ. ಡಿಜಿಟಲ್ ಸಿಗ್ನೇಚರ್ ಡಾಂಗಲ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಉಂಟು, ಆದರೆ ಪೋರ್ಟಲ್ ಕೇಳುವ ಸಹಿ ತಂತ್ರಾಂಶ ಅದರ ಜೊತೆ ಹೊಂದಿಕೊಳ್ಳದೇ ಹೋಗುವುದು ಹೆಚ್ಚು. ಮೂರು ಯಂತ್ರಗಳಿರುವ ಅಂಗಡಿಯಲ್ಲಿ ಎರಡನ್ನು ಲಿನಕ್ಸ್ ಮಾಡಿ, ಈ ಕೆಲಸಗಳಿಗೆಂದು ಒಂದನ್ನು ವಿಂಡೋಸ್‌ನಲ್ಲೇ ಉಳಿಸಿಕೊಳ್ಳುವುದು ಬುದ್ಧಿವಂತಿಕೆ. ಇರುವುದೇ ಒಂದು ಯಂತ್ರ, ಅದರಲ್ಲಿ ಇವೆಲ್ಲ ನಡೆಯಬೇಕು ಎಂದರೆ ಈ ಮಾರ್ಗದರ್ಶಿ ನಿಮಗಲ್ಲ.

ಸಾಮಾನು

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು, 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು, ಹಳೇ ಡಿಸ್ಕನ್ನು ಹೊರಗಿನಿಂದ ಓದಲು ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಒಂದು. ಡೆಸ್ಕ್‌ಟಾಪ್‌ನ 3.5 ಇಂಚಿನ ಹಾರ್ಡ್‌ಡಿಸ್ಕಿಗಾದರೆ ಈ ಕೇಬಲ್ ಜೊತೆ 12 ವೋಲ್ಟ್ ಅಡಾಪ್ಟರ್ ಕೂಡ ಇರಬೇಕು. ಬರೀ ಯುಎಸ್‌ಬಿ ಕರೆಂಟಿಗೆ ಅದು ತಿರುಗುವುದಿಲ್ಲ. ರ್‍ಯಾಮ್ 4 ಜಿಬಿ ಇದ್ದರೆ ನಡೆಯುತ್ತದೆ, 8 ಇದ್ದರೆ ನೆಮ್ಮದಿ. ಹೆಚ್ಚಿಸುವುದಾದರೆ ಬೋರ್ಡಿನದು ಡಿಡಿಆರ್3 ಹೌದೋ ಅಲ್ಲವೋ ನೋಡಿಕೊಂಡೇ ಕೊಳ್ಳಿ. ಹಳೇ ಡೆಸ್ಕ್‌ಟಾಪ್ ಬಿಚ್ಚಿದ್ದೀರಿ ಎಂದಮೇಲೆ ಸಿಆರ್2032 ಬ್ಯಾಟರಿಯನ್ನೂ ಹೊಸದು ಹಾಕಿಬಿಡಿ. ಯಾಕೆಂದು ಕೊನೆಯಲ್ಲಿ ಗೊತ್ತಾಗುತ್ತದೆ.

ಬ್ಯಾಕಪ್, ಮತ್ತು ವಿಂಡೋಸ್‌ನಲ್ಲೇ ಮುಗಿಸಬೇಕಾದ್ದು

ಡಿಸ್ಕ್ ಹೇಗೂ ಉಳಿಯುತ್ತದಲ್ಲ ಎಂದು ಬ್ಯಾಕಪ್ ಬಿಡಬೇಡಿ. ಹಳೇ ಡಿಸ್ಕು ಬಿಚ್ಚುವಾಗಲೇ ಕೈಕೊಡುವುದುಂಟು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಡಿ ಡ್ರೈವ್ ಇಷ್ಟನ್ನೂ ಹೊರಗಿನ ಡಿಸ್ಕಿಗೆ ತೆಗೆಯಿರಿ. ಒನ್‌ಡ್ರೈವ್ ಇದ್ದರೆ ಹುಷಾರು. ಫೈಲಿನ ಹೆಸರು ಕಾಣುತ್ತದೆ, ಫೈಲು ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ. ಹೆಸರಿನ ಪಕ್ಕ ಮೋಡದ ಗುರುತಿದ್ದರೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟು, ಪೂರ್ತಿ ಇಳಿದ ಮೇಲೆ ನಕಲು ಮಾಡಿ.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬಯಾಸ್ (ಯಂತ್ರ ಆನ್ ಆಗುವಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದ ಮರುಕ್ಷಣ ವಿಂಡೋಸ್ ಅದನ್ನು ಕೇಳಬಹುದು. ಹೊರಗಿನಿಂದ ಆ ಡಿಸ್ಕ್ ಓದಲೂ ಅದೇ ಕೀ ಬೇಕು. ಕೊನೆಯ ಸಲ ವಿಂಡೋಸ್ ಮುಚ್ಚುವಾಗ ಶಿಫ್ಟ್ ಒತ್ತಿ ಹಿಡಿದು ಶಟ್ ಡೌನ್ ಕೊಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಕಾರಣಕ್ಕೆ ಡಿಸ್ಕು ಅರೆನಿದ್ದೆಯಲ್ಲೇ ಉಳಿಯುತ್ತದೆ, ಲಿನಕ್ಸ್‌ನಲ್ಲಿ ತೆರೆದಾಗ ಓದಲು ಮಾತ್ರ ಸಿಗುತ್ತದೆ, ಬರೆಯಲು ಆಗುವುದಿಲ್ಲ.

ಈಗ ನುಡಿ ಫೈಲುಗಳು. ನಿಮ್ಮ ಹಳೇ ಕರಾರುಪತ್ರ, ಅಫಿಡವಿಟ್, ಪ್ರಶ್ನೆಪತ್ರಿಕೆಗಳು ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿದ್ದರೆ ಕಂಪ್ಯೂಟರ್ ಲೆಕ್ಕದಲ್ಲಿ ಅವು ಕನ್ನಡವೇ ಅಲ್ಲ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಇರುವುದು ಇಂಗ್ಲಿಷಿನ ಪಿ, ತಲೆ ಮೇಲೊಂದು ಓರೆಗೆರೆಯ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಹೀಗೆ. ಇವುಗಳ ಮೇಲೆ ಕನ್ನಡದ ಆಕಾರ ಕೂರಿಸುವುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಒಳಗಿನ ಈ ಅಕ್ಷರಗಳೇ ಕಣ್ಣಿಗೆ ಬೀಳುತ್ತವೆ.

ಆದ್ದರಿಂದ ಮೂರು ಕೆಲಸ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಎಲ್ಲಾ ಟಿಟಿಎಫ್ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲಿಸಿ. ಪದೇಪದೇ ತಿದ್ದುವ ಮಾದರಿಗಳನ್ನು, ಅಂದರೆ ಬಾಡಿಗೆ ಕರಾರು, ಜಿಪಿಎ, ವಂಶವೃಕ್ಷದ ಅರ್ಜಿ ಇಂಥವನ್ನು, ನುಡಿಯ ಕನ್ವರ್ಟರ್‌ನಿಂದ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡ್‌ಗೆ ಬದಲಿಸಿ. ಉಳಿದ ರಾಶಿಯನ್ನು ಪಿಡಿಎಫ್ ಮಾಡಿ ಹಾಗೇ ಇಡಿ. ಹತ್ತು ವರ್ಷದ ಕಡತವನ್ನೆಲ್ಲ ಬದಲಿಸಲು ಕೂರುವುದು ವ್ಯರ್ಥ ಶ್ರಮ.

ಬದಲಿಸುವಾಗ ಎಡವುವುದು ಎಲ್ಲಿ? ಒಂದೇ ಪ್ಯಾರಾದಲ್ಲಿ ಕನ್ನಡವೂ ಇಂಗ್ಲಿಷೂ ಕಲೆತಿದ್ದಾಗ. ಬರೀ ಪಠ್ಯವನ್ನು ಅಂಟಿಸಿಕೊಂಡು ಬದಲಿಸುವ ಕನ್ವರ್ಟರಿಗೆ ಫಾಂಟಿನ ಭೇದ ಗೊತ್ತಾಗುವುದಿಲ್ಲ. ಪ್ಯಾನ್ ನಂಬರು, ಇಂಗ್ಲಿಷ್ ಹೆಸರು ಎಲ್ಲವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಅಂಥ ಕಡತಗಳಲ್ಲಿ ಕನ್ನಡದ ಭಾಗವನ್ನಷ್ಟೇ ಆರಿಸಿ ಬದಲಿಸಿ. ಆದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಇವನ್ನು ಕಣ್ಣಾಡಿಸಿ ನೋಡಿ. ಪರೀಕ್ಷೆಗೆ ನಮ್ಮ ಊರುಗಳ ಹೆಸರೇ ಸಾಕು: ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಮಳವಳ್ಳಿ, ಜೊತೆಗೆ ಅರ್ಕಾವತ್ತಿಗೆ ಅರ್ಕೇಶ್ವರ. ಇವು ಸರಿಯಾಗಿ ಬಂದರೆ ಮಿಕ್ಕದ್ದರ ಮೇಲೂ ಭರವಸೆ ಇಡಬಹುದು. ಸರ್ವೆ ನಂಬರು, ಚೆಕ್ಕುಬಂದಿ, ಮೊಬಲಗು ಮಾತ್ರ ಒಂದೊಂದಾಗಿ ಮೂಲದೊಂದಿಗೆ ತಾಳೆ ನೋಡಿ. ಕ್ರಯಪತ್ರದಲ್ಲಿ ಒಂದು ಅಂಕಿ ತಪ್ಪಿದರೂ ಕಕ್ಷಿದಾರ ಸುಮ್ಮನಿರುವುದಿಲ್ಲ.

ಬೂಟ್ ಪೆನ್‌ಡ್ರೈವ್

ಲಿನಕ್ಸ್‌ನಲ್ಲಿ ನೂರೆಂಟು ಬಗೆ ಇವೆ. ವಿಂಡೋಸ್ ಕೈ ಅಭ್ಯಾಸವಿರುವ ಅಂಗಡಿಗೆ ಮಿಂಟ್ ಸರಿ. ಅದರ 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, ಅಪ್‌ಡೇಟ್ 2029ರವರೆಗೆ ಬರುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ಪ್ರೊಸೆಸರ್ 64 ಬಿಟ್‌ನದೇ ಆಗಿರಬೇಕು.

ಮಿಂಟ್ ತಾಣದಿಂದ ಇಳಿಸುವ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲು, ಸುಮಾರು 3 ಜಿಬಿ. ಇಳಿಸಿದ ಮೇಲೆ ಮಿಂಟ್ ಪುಟದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತದೊಂದಿಗೆ, ಅಂದರೆ ಫೈಲು ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಅಕ್ಷರ-ಅಂಕಿಗಳ ಸಾಲಿನೊಂದಿಗೆ, ಹೋಲಿಸಿ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಸಿಆರ್‌ಸಿ ಎಸ್‌ಎಚ್‌ಎ ಪಟ್ಟಿಯಲ್ಲಿ ಅದನ್ನು ಆರಿಸಿದರೆ ಮೊತ್ತ ತೋರಿಸುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸುವಾಗ ನಡುವೆ ತುಂಡಾದ ಫೈಲು ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ, ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ನಿಂತುಬಿಡುತ್ತದೆ. ಎರಡು ನಿಮಿಷದ ಈ ಹೋಲಿಕೆ ಅರ್ಧ ದಿನ ಉಳಿಸುತ್ತದೆ.

ಬೂಟ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಎಂಬ ತಂತ್ರಾಂಶ ತೆರೆದು ಪೆನ್‌ಡ್ರೈವ್, ಐಎಸ್‌ಒ ಎರಡನ್ನೂ ಆರಿಸಿ ಸ್ಟಾರ್ಟ್ ಕೊಡಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ನುಡಿ ಫಾಂಟ್ ಹಾಕಿಟ್ಟ ಪೆನ್‌ಡ್ರೈವನ್ನೇ ಇಲ್ಲಿ ಚುಚ್ಚಬೇಡಿ.

ಇನ್‌ಸ್ಟಾಲ್‌ಗೆ ಮುಂಚೆ: ಲೈವ್ ಪರೀಕ್ಷೆ

ಪೆನ್‌ಡ್ರೈವ್ ಹಾಕಿ ಯಂತ್ರ ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತುತ್ತಿರಿ. ಡೆಲ್, ಲೆನೊವೊ, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವಿನ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ ಎಂದಿರುವುದನ್ನು ಆರಿಸಿ. ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ, ಡಿಸ್ಕಿಗೆ ಇನ್ನೂ ಏನೂ ಬರೆದಿರುವುದಿಲ್ಲ. ವೈಫೈ, ಧ್ವನಿ, ಸ್ಕ್ರೀನಿನ ರೆಸಲ್ಯೂಷನ್ ನೋಡಿ. ಮುಖ್ಯವಾಗಿ ಪ್ರಿಂಟರ್ ಸಿಕ್ಕಿಸಿ ಒಂದು ಪುಟ ತೆಗೆಯಿರಿ.

ಅಂಗಡಿಗಳಲ್ಲಿ ಹೆಚ್ಚು ಕಾಣುವ ಮಾದರಿಗಳ ಜಾತಕ ಹೀಗಿದೆ.

ಎಪ್ಸನ್ ಎಲ್ ಸರಣಿಯ ಇಂಕ್ ಟ್ಯಾಂಕ್‌ಗಳು (ಎಲ್3110, ಎಲ್3210, ಎಲ್3250 ಇತ್ಯಾದಿ) ಇಎಸ್‌ಸಿಪಿಆರ್ ಡ್ರೈವರಿನಲ್ಲಿ ತಕರಾರಿಲ್ಲದೆ ನಡೆಯುತ್ತವೆ. ಸ್ಕ್ಯಾನಿಗೆ ಎಪ್ಸನ್ ಸ್ಕ್ಯಾನ್ 2 ಲಿನಕ್ಸ್‌ಗೂ ಸಿಗುತ್ತದೆ. ಬ್ರದರ್ ಕಂಪನಿಯ ಸಣ್ಣ ಲೇಸರ್‌ಗಳಲ್ಲಿ ಬಹುಪಾಲು ಬಿಆರ್‌ಲೇಸರ್ ಡ್ರೈವರಿಗೆ ಒಗ್ಗುತ್ತವೆ.

ಎಚ್‌ಪಿ ಲೇಸರ್‌ಜೆಟ್ 1020, ಪಿ1108, ಎಂ1005 ಇವುಗಳಲ್ಲಿ ಒಂದು ಮರ್ಮವಿದೆ. ಇವು ತಮ್ಮ ಫರ್ಮ್‌ವೇರನ್ನು (ಪ್ರಿಂಟರನ್ನು ನಡೆಸುವ ತಂತ್ರಾಂಶವನ್ನು) ಒಳಗೆ ಇಟ್ಟುಕೊಳ್ಳದ, ಅಥವಾ ಎಚ್‌ಪಿಯ ಮುಚ್ಚಿದ ಪ್ಲಗಿನ್ ಇಲ್ಲದೆ ಮಾತಾಡದ ಜಾತಿಯವು. 1020 ಆದರೆ ಸ್ವಿಚ್ ಹಾಕಿದ ಪ್ರತಿ ಸಲವೂ ಕಂಪ್ಯೂಟರೇ ಫರ್ಮ್‌ವೇರ್ ಕಳಿಸಬೇಕು. ತಂತ್ರಾಂಶ ಹಾಕಿಕೊಳ್ಳುವ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಎಚ್‌ಪಿ ಡ್ರೈವರಿನ ಎಚ್‌ಪಿಎಲ್‌ಐಪಿ-ಜಿಯುಐ ಹಾಕಿ, ಮೆನುವಿನಲ್ಲಿ ಎಚ್‌ಪಿಎಲ್‌ಐಪಿ ಟೂಲ್‌ಬಾಕ್ಸ್ ತೆರೆದು ಪ್ರಿಂಟರ್ ಸೇರಿಸಿ. ಪ್ಲಗಿನ್ ಬೇಕೇ ಎಂದು ಕೇಳುತ್ತದೆ, ಡೌನ್‌ಲೋಡ್‌ಗೆ ಒಪ್ಪಿ. ಮಿಂಟ್ ತಾನಾಗಿಯೇ ಅದೇ ಪ್ರಿಂಟರನ್ನು ಬೇರೆ ಡ್ರೈವರಿನಲ್ಲಿ ಸೇರಿಸಿಕೊಂಡಿದ್ದರೆ ಆ ನಮೂದನ್ನು ಅಳಿಸಿ. ಇಲ್ಲದಿದ್ದರೆ ಕೆಲಸ ಸರದಿಗೆ ಹೋಗುತ್ತದೆ, ಕಾಗದ ಹೊರಗೆ ಬರುವುದಿಲ್ಲ. ಪ್ಲಗಿನ್ನಿನ ಆವೃತ್ತಿ ಎಚ್‌ಪಿಎಲ್‌ಐಪಿ ಆವೃತ್ತಿಗೆ ಸರಿಹೊಂದಬೇಕು. ಮುಂದೊಂದು ದಿನ ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಮುಷ್ಕರ ಹೂಡಿದರೆ ಮೊದಲು ಪ್ಲಗಿನ್ ಮತ್ತೆ ಇಳಿಸಿ ನೋಡಿ.

ಕ್ಯಾನನ್ ಎಲ್‌ಬಿಪಿ2900. ನಮ್ಮ ಕಡೆ ಗಟ್ಟಿಮುಟ್ಟೆಂದು ಹೆಸರಾದ ಪ್ರಿಂಟರ್, ಲಿನಕ್ಸ್‌ನಲ್ಲಿ ಮಾತ್ರ ಮಹಾ ಹಠಮಾರಿ. ಅದರ ಸಿಎಪಿಟಿ ಭಾಷೆ ಕ್ಯಾನನ್‌ದೇ ಸ್ವಂತ. ಕಂಪನಿಯ ಹಳೇ ಲಿನಕ್ಸ್ ಡ್ರೈವರು 32 ಬಿಟ್ ಲೈಬ್ರರಿಗಳನ್ನು ಬೇಡುತ್ತದೆ, ಯಂತ್ರ ಮರುಚಾಲೂ ಆದಾಗ ಅದರ ಡೀಮನ್ (ಹಿನ್ನೆಲೆಯಲ್ಲಿ ಓಡುವ ಭಾಗ) ಏಳದೆ ಸತಾಯಿಸುತ್ತದೆ. ಸಮುದಾಯದವರು ಬರೆದ ಕ್ಯಾಪ್ಟ್‌ಡ್ರೈವರ್ ಇನ್ನೂ ಪ್ರಯೋಗದ ಹಂತದ್ದು. ಗಿರಾಕಿ ಎದುರಿಗೆ ನಿಂತಿರುವ ಅಂಗಡಿಗೆ ಇವೆರಡೂ ಬೇಡ. ಉಳಿಸಿಕೊಂಡ ವಿಂಡೋಸ್ ಯಂತ್ರಕ್ಕೇ ಇದನ್ನು ಸಿಕ್ಕಿಸಿ, ಲಿನಕ್ಸ್‌ನಲ್ಲಿ ಪಿಡಿಎಫ್ ಮಾಡಿ ಹಂಚಿಕೊಂಡ ಫೋಲ್ಡರ್ ಮೂಲಕ ಅಲ್ಲಿಂದ ಪ್ರಿಂಟ್ ಕೊಡಿ.

ಈ ಪರೀಕ್ಷೆಯಲ್ಲಿ ಹಾಕಿದ ಡ್ರೈವರುಗಳೆಲ್ಲ ರೀಸ್ಟಾರ್ಟ್ ಆದೊಡನೆ ಮಾಯ. ಪುಟ ಬಂತೆಂಬುದಷ್ಟೇ ನಮಗೆ ಬೇಕಾದ ಉತ್ತರ.

ಇನ್‌ಸ್ಟಾಲ್

ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಹಳೇ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿ. ಯುಪಿಎಸ್ ಮೇಲಿರಲಿ. ಪುನಃ ಪೆನ್‌ಡ್ರೈವಿನಿಂದ ಬೂಟ್ ಮಾಡಿ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿ.

ಭಾಷೆ ಇಂಗ್ಲಿಷ್. ಕೀಬೋರ್ಡ್ ಕೇಳಿದಾಗ ‘ಇಂಗ್ಲಿಷ್, ಇಂಡಿಯಾ, ವಿತ್ ರುಪೀ’ ಆರಿಸಿ. ಕೀಲಿಗಳೆಲ್ಲ ಅಮೆರಿಕನ್ ಲೇಔಟಿನಂತೆಯೇ ಇದ್ದು, ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ₹ ಬರುತ್ತದೆ. ಮಲ್ಟಿಮೀಡಿಯಾ ಕೋಡೆಕ್ಸ್‌ಗೆ ಟಿಕ್ ಹಾಕಿ. ಎಸ್‌ಎಸ್‌ಡಿ ಒಂದೇ ಒಳಗಿರುವುದರಿಂದ ‘ಇರೇಸ್ ಡಿಸ್ಕ್’ ಆರಿಸಲು ಹೆದರಬೇಕಾಗಿಲ್ಲ, ಆದರೂ ತೋರಿಸುವ ಡಿಸ್ಕಿನ ಗಾತ್ರ 240 ಜಿಬಿ ಆಸುಪಾಸು ಹೌದೇ ಎಂದು ಒಮ್ಮೆ ಓದಿ. ಸಮಯ ವಲಯ ಕೋಲ್ಕತ್ತಾ. ಇಲ್ಲಿ ಅಮೆರಿಕದ ಯಾವುದೋ ಊರು ಉಳಿದುಬಿಟ್ಟರೆ ಕಾಗದದ ಗಾತ್ರ ಎ4 ಬದಲು ಲೆಟರ್ ಆಗಿ ಕೂರುತ್ತದೆ, ಪುಟದ ಕೊನೇ ಸಾಲು ಕತ್ತರಿಸುತ್ತದೆ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಕಾಣುವುದಿಲ್ಲ. ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿರುತ್ತದೆ. ಎಎಚ್‌ಸಿಐ ಮಾಡಿ. ಹಳೇ ಡಿಸ್ಕ್ ಹಾಕಿ ವಿಂಡೋಸ್ ಏಳಿಸಬೇಕಾದಾಗ ಅದನ್ನು ಮೊದಲಿನಂತೆ ಮಾಡಲು ಮರೆಯಬೇಡಿ.

ಮೊದಲ ಒಂದು ಗಂಟೆ

ಅಪ್‌ಡೇಟ್ ಮ್ಯಾನೇಜರ್ ತೆರೆದು ಬಂದದ್ದನ್ನೆಲ್ಲ ಹಾಕಿ. ಇಳಿಯುವುದು ತೀರಾ ನಿಧಾನವೆನಿಸಿದರೆ ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ಹತ್ತಿರದ ಮಿರರ್ ಆರಿಸಿ. ಡ್ರೈವರ್ ಮ್ಯಾನೇಜರ್ ಏನಾದರೂ ತೋರಿಸಿದರೆ, ವಿಶೇಷವಾಗಿ ಬ್ರಾಡ್‌ಕಾಮ್ ವೈಫೈ ಅಥವಾ ಎನ್‌ವಿಡಿಯಾ, ಹಾಕಿಕೊಳ್ಳಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಿಂದ ಕಂಟಿನ್ಯೂ ಒತ್ತಿದರೆ ಡ್ರೈವರ್ ಏಳುವುದಿಲ್ಲ.

ಆಮೇಲೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್. ಅದು ಸಿಸ್ಟಂ ಫೈಲುಗಳನ್ನು ಮಾತ್ರ ಕಾಪಾಡುತ್ತದೆ. ನಿಮ್ಮ ಕರಾರುಪತ್ರಗಳಿಗೆ ಬೇರೆ ಡಿಸ್ಕಿನ ಬ್ಯಾಕಪ್ ಇರಲೇಬೇಕು. ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲೇ ಪಿಡಿಎಫ್ ಕಳಿಸುವ ಕಾಲ. ಮಿಂಟ್‌ನ ‘ವೆಬ್ ಆ್ಯಪ್ಸ್’ನಿಂದ ವಾಟ್ಸ್ಆ್ಯಪ್ ವೆಬ್‌ಗೊಂದು ಪ್ರತ್ಯೇಕ ಐಕಾನ್ ಮಾಡಿಕೊಳ್ಳಿ.

ಕನ್ನಡ ಟೈಪಿಂಗ್

ನುಡಿ ತಂತ್ರಾಂಶ ವಿಂಡೋಸ್‌ನದು, ಆದರೆ ಅದರ ಕಗಪ ಕೀಲಿಮಣೆ ವಿನ್ಯಾಸ ಇಲ್ಲೂ ಇದೆ, ಬೆರಳಿಗೆ ಹೊಸ ಅಭ್ಯಾಸ ಬೇಡ. ಸಿನಾಪ್ಟಿಕ್‌ನಲ್ಲಿ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿ. ಮೆನುವಿನ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನ ಇನ್‌ಪುಟ್ ಮೆಥಡ್ ಭಾಗದಲ್ಲಿ ‘ಆ್ಯಡ್’ ಒತ್ತಿ, ಮೂರು ಚುಕ್ಕೆ ಕ್ಲಿಕ್ಕಿಸಿ, ಕನ್ನಡ ಹುಡುಕಿ, ‘ಕೆಜಿಪಿ’ ಆರಿಸಿ. ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್, ಕನ್ನಡ ಅದಲುಬದಲಾಗುತ್ತದೆ. ಎಂ, ಶಿಫ್ಟ್ ಎಂ, ಡಬ್ಲ್ಯು, ಎಫ್, ವೈ ಒತ್ತಿ ನೋಡಿ. ‘ಮಂಡ್ಯ’ ಮೂಡಿದರೆ ಕೆಲಸ ಆಯಿತು.

ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೂ ಕಗಪ ಎಂಬ ಹೆಸರಿನದೊಂದು ಸಿಗುತ್ತದೆ. ಅದು ಕೀಲಿಗೊಂದು ಅಕ್ಷರ ಎಂಬ ಲೆಕ್ಕದ್ದು, ವ್ಯಂಜನದ ಮುಂದೆ ಬಂದ ಸ್ವರವನ್ನು ನುಡಿಯಂತೆ ತಾನೇ ಗುಣಿತವಾಗಿಸುವುದಿಲ್ಲ. ನುಡಿಯ ಕೈಗೆ ಐಬಸ್ ದಾರಿಯೇ ಹಿತ.

‘ಸಾಫ್ಟ್‌ವೇರ್’ ಬರೆಯುವಾಗ ವ ಒತ್ತಾಗಿ ಕೆಳಗಿಳಿದರೆ, ಟ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಯು ಒತ್ತಿ, 200ಸಿ ಎಂದು ಇಂಗ್ಲಿಷ್ ಕೀಲಿಯಲ್ಲಿ ಕೊಟ್ಟು ಎಂಟರ್ ಮಾಡಿ. ಒಳಗೊಂದು ಕಾಣದ ಅಕ್ಷರ ಕೂತು ಎರಡನ್ನೂ ಬೇರ್ಪಡಿಸುತ್ತದೆ. ದಿನವೂ ಬಳಸುವ ಇಂಥ ಪದಗಳನ್ನು ಲಿಬ್ರೆ ಆಫೀಸ್‌ನ ಆಟೋಟೆಕ್ಸ್ಟ್‌ಗೆ ಸೇರಿಸಿಟ್ಟರೆ ಮತ್ತೆ ಮತ್ತೆ ಪಾಡುಪಡಬೇಕಿಲ್ಲ.

ಫಾಂಟಿಗೆ ಸಿನಾಪ್ಟಿಕ್‌ನಲ್ಲಿ ಗುಬ್ಬಿ, ನವಿಲು ಎರಡೂ ಸಿಗುತ್ತವೆ, ನೋಟೋ ಕನ್ನಡವೂ ಇದೆ. ಪುಸ್ತಕದ ಪುಟಕ್ಕೆ ನೋಟೋ ಸೆರಿಫ್, ಅರ್ಜಿಗೆ ಗುಬ್ಬಿ ಎಂಬುದು ನಮ್ಮ ಆಯ್ಕೆ. ಲಿಬ್ರೆ ಆಫೀಸ್‌ನ ಟೂಲ್ಸ್, ಆಪ್ಷನ್ಸ್‌ನಲ್ಲಿ ಭಾಷಾ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಚಾಲೂ ಮಾಡಿ ಕನ್ನಡ ಆರಿಸಿ. ನಂತರ ರೈಟರ್‌ನ ‘ಬೇಸಿಕ್ ಫಾಂಟ್ಸ್, ಸಿಟಿಎಲ್’ನಲ್ಲಿ ಬೇಕಾದ ಫಾಂಟ್ ಕೊಡಿ. ಇಲ್ಲಿ ಕೊಡದೆ ಬರೀ ಪಾಶ್ಚಾತ್ಯ ಫಾಂಟ್ ಬದಲಿಸುತ್ತ ಕೂತರೆ ಕನ್ನಡ ಅಕ್ಷರ ಕದಲುವುದೇ ಇಲ್ಲ.

ಬದಲಿಸದೆ ಉಳಿದ ನುಡಿ ಫೈಲು

ಪೆನ್‌ಡ್ರೈವಿಗೆ ನಕಲಿಸಿದ ಟಿಟಿಎಫ್‌ಗಳ ಮೇಲೆ ಎರಡು ಸಲ ಕ್ಲಿಕ್ಕಿಸಿ ಇನ್‌ಸ್ಟಾಲ್ ಕೊಟ್ಟರೆ ಹಳೇ ಫೈಲು ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಪ್ರಿಂಟೂ ಆಗುತ್ತದೆ. ತಿದ್ದಲು ಹೋಗಬೇಡಿ. ಹೋಗಲೇಬೇಕೆಂದರೆ ಆಟೋಕರೆಕ್ಟ್ ಪೂರ್ತಿ ನಿಲ್ಲಿಸಿ. ಅದರ ಪಾಲಿಗೆ ಒಳಗಿರುವುದು ಇಂಗ್ಲಿಷ್ ಅಕ್ಷರ. ವಾಕ್ಯದ ಮೊದಲಕ್ಷರ ದೊಡ್ಡದು ಮಾಡುತ್ತೇನೆಂದು ಹೊರಟು ಒಂದು ಕನ್ನಡ ಅಕ್ಷರವನ್ನೇ ಇನ್ನೊಂದಾಗಿಸುತ್ತದೆ.

ನುಡಿಯಲ್ಲಿ ಮಾಡಿದ ಪಿಡಿಎಫ್ ಒಂದೇ ಉಳಿದಿದೆ, ಪಠ್ಯ ಬೇಕು ಎನ್ನುವಾಗ ನಕಲು ಮಾಡಿ ಅಂಟಿಸಿದರೆ ಕಸ ಬರುತ್ತದೆ. ಅದಕ್ಕೆ ಅಡ್ಡದಾರಿ ಒಸಿಆರ್. ಟೆಸರಾಕ್ಟ್, ಅದರ ಕನ್ನಡ ದತ್ತಾಂಶ ಮತ್ತು ಜಿಇಮೇಜ್‌ರೀಡರ್ ಮೂರನ್ನೂ ಹಾಕಿ, ಪುಟವನ್ನು 300 ಡಿಪಿಐಗೆ ಇಟ್ಟು ಓದಿಸಿ. ಅದು ಫಾಂಟಿನ ಗೊಡವೆಗೆ ಹೋಗದೆ ಚಿತ್ರ ನೋಡಿ ಓದುವುದರಿಂದ ನೇರ ಯುನಿಕೋಡ್ ಕೊಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಇದ್ದೇ ಇರುತ್ತದೆ, ಕರಡು ತಿದ್ದದೆ ಗಿರಾಕಿಗೆ ಕೊಡಬೇಡಿ.

ಪೇಜ್‌ಮೇಕರ್ ಫೈಲುಗಳನ್ನು ಪುಟವಿನ್ಯಾಸದ ಸ್ಕ್ರೈಬಸ್ ತಂತ್ರಾಂಶ ತೆರೆಯುತ್ತದೆ, ಆದರೆ ವಿನ್ಯಾಸ ಅಲ್ಲಲ್ಲಿ ಜಾರುತ್ತದೆ. ಹಳೆಯದನ್ನು ಎಳೆದು ತರುವ ಬದಲು ಹೊಸ ಲಗ್ನಪತ್ರಿಕೆಗಳನ್ನು ಸ್ಕ್ರೈಬಸ್ 1.6ರಲ್ಲಿ ಯುನಿಕೋಡ್‌ನಲ್ಲೇ ಶುರುಮಾಡಿ. 1.4ರ ಕಾಲದಲ್ಲಿ ಅದರಲ್ಲಿ ಕನ್ನಡದ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತಿತ್ತು, ಈಗ ಆ ಕಾಟವಿಲ್ಲ. ಪ್ರೆಸ್ಸಿಗೆ ಫಾಂಟ್ ಒಳಸೇರಿಸಿದ ಸಿಎಂವೈಕೆ ಪಿಡಿಎಫ್ ಕೊಡಿ.

ಆಮೇಲೆ ಕೈಕೊಡುವವು

ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟವರಿಗೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಓಡುತ್ತದೆ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ವಿಂಡೋಸ್ ಸಮಯದ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿದರೆ ಆ ಹೊತ್ತಿಗೆ ಸರಿಹೋಗುತ್ತದೆ.

ಬ್ರೌಸರಿನಲ್ಲಿ ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ, ಅಪ್‌ಡೇಟೂ ಆಗುತ್ತಿಲ್ಲ. ಇದನ್ನು ವೈರಸ್ ಎಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗುವವರಿದ್ದಾರೆ. ದಿನಾಂಕ ನೋಡಿ. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವ ಅಂಗಡಿಗಳಲ್ಲಿ ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಬೆಳಿಗ್ಗೆ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಕಿನಲ್ಲಿ ಏಳುತ್ತದೆ. ಆ ತಾರೀಕಿಗೆ ತಾಣಗಳ ಪ್ರಮಾಣಪತ್ರ ಯಾವುದೂ ಹೊಂದುವುದಿಲ್ಲ. ಮೊದಲೇ ಹೇಳಿದ ಸಿಆರ್2032 ಇದಕ್ಕೇ.